ಒಳ್ಳೆಯ ಮನಸ್ಸಿನ ರೇಜಿಗೆ: ‘ದಿ ಬ್ರಿಟಾಸ್ ಎಂಪೈರ್’ ಧಾರಾವಾಹಿಯ ಮೇಲಧಿಕಾರಿ

ವಿಟ್‌ಬರಿ ನ್ಯೂಟೌನ್ ಲೀಷರ್ ಸೆಂಟರಿನ ರಿಸೆಪ್ಷನ್ ಮೇಜಿನ ಡ್ರಾಯರಿನಲ್ಲಿ ಒಂದು ಮಗು ಮಲಗಿರುತ್ತದೆ. ಗಂಡ ಬಿಟ್ಟುಹೋದ ರಿಸೆಪ್ಷನಿಸ್ಟ್ ಕ್ಯಾರೊಲ್‌ಗೆ ಅದನ್ನು ಇಡಲು ಬೇರೆ ಜಾಗವಿಲ್ಲ. ಅದೇ ಕಟ್ಟಡದ ಮ್ಯಾನೇಜರ್ ಗಾರ್ಡನ್ ಬ್ರಿಟಾಸ್‌ಗೆ ಕ್ರೀಡೆಯ ಮೂಲಕ ಜಗತ್ತಿಗೇ ಶಾಂತಿ ತರುವ ಕನಸು. ಈ ಡ್ರಾಯರು ಮತ್ತು ಆ ಕನಸು ಒಂದೇ ಸೂರಿನಡಿ ಇರುವುದೇ ಧಾರಾವಾಹಿಯ ನಗೆಯ ಮೂಲವೆಂಬುದು ಈ ಲೇಖನದ ವಾದ. ಬ್ರಿಟಾಸ್‌ನನ್ನು ಕೆಲಸ ಬಾರದ ಅಧಿಕಾರಿಗಳ ಸಾಲಿಗೆ ಸೇರಿಸಿಬಿಡುವುದು ಸುಲಭ. ಆದರೆ ‘ಗಣಪನನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ’ ಎಂಬ ಗಾದೆ ಅವನಿಗೆ ಒಪ್ಪುವುದಿಲ್ಲ. ಅವನು ಮಾಡುವುದು ಗಣಪನನ್ನೇ. ತಂದು ಕೂರಿಸುವಾಗ ಅಡಿಯಲ್ಲಿ ಯಾರ ಕಾಲು ಸಿಕ್ಕಿಕೊಂಡಿದೆ ಎಂದು ಮಾತ್ರ ನೋಡುವುದಿಲ್ಲ.

ರಿಚರ್ಡ್ ಫೆಗೆನ್ ಮತ್ತು ಆ್ಯಂಡ್ರೂ ನಾರಿಸ್ ಸೃಷ್ಟಿಸಿದ ಈ ಧಾರಾವಾಹಿ ಬಿಬಿಸಿ ಒಂದನೇ ವಾಹಿನಿಯಲ್ಲಿ 1991ರ ಜನವರಿಯಿಂದ 1997ರ ಫೆಬ್ರವರಿಯವರೆಗೆ ಏಳು ಸರಣಿಗಳಲ್ಲಿ ಬಂತು. ಮೊದಲ ಐದು ಸರಣಿಗಳು ಮಾತ್ರ ಇವರಿಬ್ಬರ ಬರವಣಿಗೆ. ನನ್ನ ಮಟ್ಟಿಗೆ ನಿಜವಾದ ಬ್ರಿಟಾಸ್ ಇರುವುದೂ ಅಷ್ಟರಲ್ಲೇ. ಮೂಗಿನಿಂದ ಹೊರಡುವ, ಎಂದೂ ಏರಿಳಿಯದ ದನಿಯಲ್ಲಿ ಕ್ರಿಸ್ ಬ್ಯಾರಿ ಪಾತ್ರಕ್ಕೆ ಜೀವ ಕೊಟ್ಟ. ಶೀರ್ಷಿಕೆಯಲ್ಲಿ ಬ್ರಿಟಿಷ್ ಎಂಪೈರ್‌ನ ಅಣಕವಿರುವುದು ಕಿವಿಗೇ ಗೊತ್ತಾಗುತ್ತದೆ. ಅಣಕ ಹೆಸರಿಗಷ್ಟೇ ನಿಲ್ಲುವುದಿಲ್ಲ. ಆಟ ಕಲಿಸಿದರೆ ಜನ ತಿದ್ದಿಕೊಳ್ಳುತ್ತಾರೆಂಬ ವಿಕ್ಟೋರಿಯಾ ಕಾಲದ ನಂಬಿಕೆ ವಸಾಹತುಗಳಲ್ಲಿ ಕ್ರಿಕೆಟ್ ಹರಡಿತು. ಸಾಮ್ರಾಜ್ಯವೆಲ್ಲ ಕರಗಿದ ಮೇಲೆ ಆ ನಂಬಿಕೆಗೆ ಉಳಿದದ್ದು ಒಂದು ಈಜುಕೊಳ, ನಾಲ್ಕು ಸ್ಕ್ವಾಷ್ ಆಡುವವರು. ನಂಬಿಕೆ ಮಾತ್ರ ಒಂದು ಗುಲಗಂಜಿಯಷ್ಟೂ ಕುಗ್ಗಿಲ್ಲ.

ಕಾಲವನ್ನೂ ಗಮನಿಸಬೇಕು. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ ಪುನರ್ವಿಂಗಡಣೆ 1974ರಲ್ಲಿ ಜಾರಿಗೆ ಬಂದ ಆಸುಪಾಸಿನಲ್ಲಿ ಕೌನ್ಸಿಲ್‌ಗಳು ಇಂಥ ಲೀಷರ್ ಸೆಂಟರುಗಳನ್ನು ಊರೂರಿಗೆ ಕಟ್ಟಿಸಿದವು. ಥ್ಯಾಚರ್ ಸರ್ಕಾರ 1988ರ ಕಾಯಿದೆಯಿಂದ ಕೌನ್ಸಿಲ್ ಕೆಲಸಗಳಿಗೆ ಟೆಂಡರು ಕಡ್ಡಾಯ ಮಾಡಿ, ಮರುವರ್ಷ ಕ್ರೀಡಾ ಸೌಲಭ್ಯಗಳ ನಿರ್ವಹಣೆಯನ್ನೂ ಅದಕ್ಕೆ ಸೇರಿಸಿತು. ಬ್ರಿಟಾಸ್ ತೆರೆಗೆ ಬಂದ 1991ರಲ್ಲೇ ಪ್ರಧಾನಿ ಜಾನ್ ಮೇಜರ್ ‘ಸಿಟಿಜನ್ಸ್ ಚಾರ್ಟರ್’ ಘೋಷಿಸಿದ್ದು. ನಿನ್ನೆಯವರೆಗೆ ನಾಗರಿಕನಾಗಿದ್ದವನು ಈಗ ಗಿರಾಕಿ. ಬ್ರಿಟಾಸ್ ಈ ಎರಡೂ ಯುಗಗಳ ಕೂಸು: ಮಾತು ಹೊಸ ಮ್ಯಾನೇಜ್‌ಮೆಂಟಿನದು, ಹೃದಯ ಹಳೆಯ ಸಾರ್ವಜನಿಕ ಸೇವೆಯದು. ಲಾಭದ ಗುಂಗು ಅವನಿಗಿಲ್ಲ. ಲಂಚ ಗೊತ್ತಿಲ್ಲ, ದ್ವೇಷ ಗೊತ್ತಿಲ್ಲ, ಸೋಮಾರಿತನವಂತೂ ಇಲ್ಲವೇ ಇಲ್ಲ. ಸ್ವಲ್ಪ ಸೋಮಾರಿಯಾಗಿದ್ದರೆ ವಿಟ್‌ಬರಿಯ ಜನ ಬದುಕಿಕೊಳ್ಳುತ್ತಿದ್ದರೇನೋ!

ಬ್ರಿಟಿಷ್ ಹಾಸ್ಯ ಧಾರಾವಾಹಿಗಳ ಇನ್ನಿಬ್ಬರು ಮೇಲಧಿಕಾರಿಗಳ ಪಕ್ಕದಲ್ಲಿಟ್ಟರೆ ಅವನ ವಿಶೇಷ ತಿಳಿಯುತ್ತದೆ. ‘ಡ್ಯಾಡ್ಸ್ ಆರ್ಮಿ’ಯ (1968–77) ಕ್ಯಾಪ್ಟನ್ ಮೇನ್‌ವೇರಿಂಗ್ ಬ್ಯಾಂಕ್ ಮ್ಯಾನೇಜರ್. ತನಗಿಂತ ಮೇಲ್ವರ್ಗದ ಮನೆತನದಿಂದ ಬಂದ ವಿಲ್ಸನ್ ತನ್ನ ಕೈಕೆಳಗಿರುವುದು ಅವನಿಗೆ ಸುಖವೂ ಹೌದು, ಮುಳ್ಳೂ ಹೌದು. ಅವನಿಗೆ ಬೇಕಾದದ್ದು ಗೌರವ. ಸ್ಲೌ ಊರಿನ ಕಾಗದದ ಕಂಪನಿಯಲ್ಲಿ ನಡೆಯುವ ‘ದಿ ಆಫೀಸ್’ನ (2001–03) ಡೇವಿಡ್ ಬ್ರೆಂಟ್‌ಗೆ ಬೇಕಾದದ್ದು ಪ್ರೀತಿ. ತಮಾಷೆ ಮಾಡಿ ಓರೆಗಣ್ಣಿನಲ್ಲಿ ಕ್ಯಾಮೆರಾ ನೋಡುವುದು ಅದಕ್ಕಾಗಿಯೇ. ಇವರಿಬ್ಬರಿಗೂ ಎದುರಿನವರ ಮುಖ ಮುಖ್ಯ. ಆದ್ದರಿಂದ ಇವರನ್ನು ನೋಯಿಸಬಹುದು, ನೋಯಿಸಿ ತಿದ್ದಲೂಬಹುದು. ಬ್ರಿಟಾಸ್‌ಗೆ ಗೌರವವೂ ಬೇಡ, ಪ್ರೀತಿಯೂ ಬೇಡ. ಅವನು ಸೇವೆ ಮಾಡಬೇಕು, ಅಷ್ಟೆ. ಬೈಗುಳವನ್ನು ಸಲಹೆಯೆಂದೂ ಅಳುವನ್ನು ದಣಿವೆಂದೂ ತಿಳಿಯುವವನನ್ನು ತಿದ್ದುವುದು ಹೇಗೆ?

ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ನಂಬಿಕೆಯ ನೀತಿಯನ್ನೂ ಹೊಣೆಯ ನೀತಿಯನ್ನೂ ಬೇರ್ಪಡಿಸಿದ. ಮೊದಲನೆಯದು ಉದ್ದೇಶವನ್ನು ಕೇಳುತ್ತದೆ, ಎರಡನೆಯದು ಪರಿಣಾಮವನ್ನು. ಬ್ರಿಟಾಸ್‌ನ ಕಚೇರಿಯಲ್ಲಿ ಮೊದಲನೆಯದಕ್ಕೆ ಮಾತ್ರ ಕುರ್ಚಿ. ಹಾಗಾದರೆ ಎರಡನೆಯದನ್ನು ಹೊರುವವರು ಯಾರು? ಇಲ್ಲಿಯೇ ಧಾರಾವಾಹಿ ತನ್ನ ಕಾಲದ ಆಫೀಸು ಹಾಸ್ಯಗಳಿಗಿಂತ ಹರಿತವಾಗುವುದು. ಜೂಲಿಯಾ ಸೇಂಟ್ ಜಾನ್ ಅಭಿನಯಿಸಿದ ಸಹೋದ್ಯೋಗಿ ಲಾರಾ ಅವನ ಹಿಂದೆಯೇ ನಡೆದು, ಅವನು ಕೆಣಕಿದ ಗಿರಾಕಿಯನ್ನು ಸಮಾಧಾನಪಡಿಸಿ, ಕೆಟ್ಟದ್ದನ್ನು ಸರಿಪಡಿಸುತ್ತಾಳೆ. ಹೆಂಡತಿ ಹೆಲೆನ್ ಮಾತ್ರೆ ನುಂಗಿ ದಿನ ದೂಡುತ್ತಾಳೆ. ಬೇರೆ ಗಂಡಸರ ಸಹವಾಸದಲ್ಲಿ ಉಸಿರು ತಿರುಗಿಸಿಕೊಳ್ಳುತ್ತಾಳೆ. ಕ್ಯಾರೊಲ್‌ಳ ಡ್ರಾಯರಂತೂ ಇದ್ದೇ ಇದೆ. ಹೊಣೆಯೆಲ್ಲ ಹೆಂಗಸರ ಪಾಲಿಗೆ ಬಂದದ್ದು ಲೇಖಕರ ಉದ್ದೇಶವೋ ಆಕಸ್ಮಿಕವೋ, ಪಠ್ಯದಲ್ಲಂತೂ ಅದು ಗಟ್ಟಿಯಾಗಿ ಕೂತಿದೆ. ಸಿಬ್ಬಂದಿಯಲ್ಲಿ ಚರ್ಮರೋಗ ಹೊತ್ತ ಕಾಲಿನ್ ಒಬ್ಬನೇ ಬ್ರಿಟಾಸ್‌ನನ್ನು ಮನಸಾರೆ ಆರಾಧಿಸುವವನು. ಭಕ್ತನಿಗೆ ಪರಿಹಾರದ ಕೆಲಸ ಇರುವುದಿಲ್ಲವಷ್ಟೆ.

ಬ್ರೆಂಟ್‌ನ ಕೆಲಸವನ್ನು ಖಾಸಗಿ ಕಂಪನಿ ಎರಡನೆಯ ಸರಣಿಯ ಕೊನೆಗೆ ಕಿತ್ತುಕೊಳ್ಳುತ್ತದೆ. ಬ್ರಿಟಾಸ್‌ಗೆ ಕೌನ್ಸಿಲ್ ಹಾಗೆ ಮಾಡಲಾರದು. ಕೌನ್ಸಿಲರ್ ಡ್ರಗೆಟ್‌ಗೆ ಅವನನ್ನು ಕಂಡರಾಗದು, ನಿಜ. ಆದರೆ ನಿಯಮ ಮೀರದ, ಹಣ ತಿನ್ನದ, ಒಳ್ಳೆಯದನ್ನೇ ಬಯಸುವವನ ಮೇಲೆ ಯಾವ ಆರೋಪ ಹೊರಿಸುವುದು? ‘ತಲೆಚಿಟ್ಟು ಹಿಡಿಸುತ್ತಾನೆ’ ಎಂಬುದು ಯಾವ ಕಡತದಲ್ಲೂ ದೋಷವಾಗಿ ದಾಖಲಾಗುವುದಿಲ್ಲ.

1997ರ ಕೊನೆಯ ಕಂತು ಇದೆಲ್ಲವೂ ರೈಲಿನಲ್ಲಿ ತೂಕಡಿಸಿದ ಬ್ರಿಟಾಸ್‌ನ ಕನಸೆಂದು ಹೇಳಿ ಕೈತೊಳೆದುಕೊಂಡಿತು. ಕನಸೆಂದಮೇಲೆ ಯಾರಿಗೂ ನೋವಾಗಿಲ್ಲ, ಲೆಕ್ಕ ಕೊಡುವ ಗೋಜೂ ಇಲ್ಲ. ಬರವಣಿಗೆಯಾಗಿ ಇದು ನುಣುಚಿಕೊಳ್ಳುವಿಕೆ. ಅದಕ್ಕಿಂತ ಕೆಲವು ವರ್ಷ ಹಿಂದಿನ ಕಂತೊಂದು ಹೆಚ್ಚು ಪ್ರಾಮಾಣಿಕವಾಗಿತ್ತು. ಅದರಲ್ಲಿ ಬ್ರಿಟಾಸ್ ಸಹೋದ್ಯೋಗಿಯನ್ನು ಉಳಿಸಲು ಹೋಗಿ, ಮೇಲಿಂದ ಬಿದ್ದ ನೀರಿನ ಟ್ಯಾಂಕಿನಡಿ ಸಾಯುತ್ತಾನೆ. ಸದುದ್ದೇಶ ನಾಟಕವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪುಣ್ಯವಂತನಾದ್ದರಿಂದ ನೇರ ಸ್ವರ್ಗಕ್ಕೇ ಹೋಗುತ್ತಾನೆ. ಅಲ್ಲಿನವರಿಗೂ ಅವನನ್ನು ಸಹಿಸಲಾಗುವುದಿಲ್ಲ. ಕೌನ್ಸಿಲ್‌ಗೆ ಇಲ್ಲದ, ಅವನನ್ನು ಹೊರಹಾಕುವ ಅಧಿಕಾರ ಅಲ್ಲಿನವರಿಗೆ ಇತ್ತು. ಅದನ್ನು ಅವರು ಚಲಾಯಿಸಿಯೂ ಬಿಟ್ಟರು: ಮರಳಿ ವಿಟ್‌ಬರಿಗೇ ಕಳಿಸಿಕೊಟ್ಟರು.