ಏಪ್ರಿಲ್ 5: ಹಡಗಿನ ತಳದಲ್ಲಿದ್ದವರು

ಇವತ್ತು ರಾಷ್ಟ್ರೀಯ ಕಡಲಯಾನ ದಿನ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಅದರ ನೆನಪಿಗೆ 1964ರಿಂದ ಈ ಆಚರಣೆ. ಹಡಗಿನ ಹೆಸರು, ಮಾಲೀಕರ ಹೆಸರು ಚರಿತ್ರೆಯಲ್ಲಿದೆ. ಆ ಕಾಲದ ಹಡಗುಗಳ ತಳದಲ್ಲಿ, ಬಿಳಿಯರಿಗಿಂತ ತೀರಾ ಕಡಿಮೆ ಕೂಲಿಗೆ ಒಲೆಗೆ ಕಲ್ಲಿದ್ದಲು ಸುರಿದ ನಮ್ಮ ದೇಶದ ಲಸ್ಕರರ ಹೆಸರು?

ನಾವೂ ಮರೆತಿದ್ದೀವಿ. 1917ರಲ್ಲಿ ಬಾಬಾಸಾಹೇಬರು ಲಂಡನ್ನಿಂದ ವಾಪಸ್ ಬರುವಾಗ ಅವರ ಪುಸ್ತಕಗಳಿದ್ದ ಬೇರೆ ಹಡಗು, ಸಾಲ್ಸೆಟ್, ಜರ್ಮನ್ ಸಬ್‌ಮರೀನಿನ ದಾಳಿಗೆ ಮುಳುಗಿತು. ಆ ಪುಸ್ತಕಗಳಿಗಾಗಿ ಎಷ್ಟು ಭಾಷಣಗಳಲ್ಲಿ ಮರುಗಿದ್ದೀನಿ! ಅದೇ ಹಡಗಲ್ಲಿ 15 ಸಿಬ್ಬಂದಿ ಸತ್ತರು. ಅವರನ್ನ ಒಂದು ಸಲವೂ ನೆನೆದಿಲ್ಲ.

ಒಂಬತ್ತು ದಿನಕ್ಕೆ ಜಯಂತಿ. ಈ ಸಲ ಪುಸ್ತಕದ ಕತೆ ಹೇಳುವಾಗ ಆ ಹದಿನೈದು ಜೀವಗಳನ್ನೂ ಹೇಳೋಣ.