ಗಂಗಾಜಲಕ್ಕೆ ಜೈ ಎಂದ ಊರು

1980ರ ನವೆಂಬರ್‌ನಲ್ಲಿ ಬಿಹಾರದ ಭಾಗಲ್ಪುರದಿಂದ ಬಂದ ಸುದ್ದಿ ಓದಿ ದೇಶ ಬೆಚ್ಚಿಬಿತ್ತು. ಪೊಲೀಸರು ಹಿಡಿದು ತಂದವರನ್ನು ನೆಲಕ್ಕೆ ಕೆಡವಿ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಕಣ್ಣು ಚುಚ್ಚಿ, ಮೇಲೆ ಆಸಿಡ್ ಸುರಿಯುತ್ತಿದ್ದರು. ಠಾಣೆಗಳಲ್ಲಿ ಆ ಆಸಿಡ್‌ಗೆ ‘ಗಂಗಾಜಲ’ ಎಂಬ ಹೆಸರಿತ್ತು. 1979 ಮತ್ತು 1980ರಲ್ಲಿ ಹೀಗೆ ಕಣ್ಣು ಕಳೆದುಕೊಂಡವರು 30ಕ್ಕೂ ಹೆಚ್ಚು ಮಂದಿ. ‘ಇಂಡಿಯನ್ ಎಕ್ಸ್‌ಪ್ರೆಸ್’ ವರದಿಗಾರ ಅರುಣ್ ಸಿನ್ಹಾ ಇದನ್ನು ಬಯಲಿಗೆಳೆದರು. ಪತ್ರಿಕೆಯ ಅರುಣ್ ಶೌರಿ ಅದರ ಬೆನ್ನುಹತ್ತಿದರು.

ಸಂಸತ್ತಿನಲ್ಲಿ ಕೋಲಾಹಲವಾಯಿತು, ಪೊಲೀಸರು ಅಮಾನತಾದರು. ಆಗ ಭಾಗಲ್ಪುರದ ಜನ ಬೀದಿಗಿಳಿದರು. ಆದರೆ ಅವರು ನಿಂತದ್ದು ಪೊಲೀಸರ ಪರ.

ಊರಿನವರಿಗೆ ಅವರದೇ ಕಾರಣಗಳಿದ್ದವು. ಸುಲಿಗೆ, ದರೋಡೆಗಳಿಂದ ಜನ ರೋಸಿಹೋಗಿದ್ದರು. ರೌಡಿಗಳು ಜಾಮೀನಿನ ಮೇಲೆ ಹೊರಬಂದು ಸಾಕ್ಷಿದಾರರ ಎದುರೇ ಮೀಸೆ ತಿರುವುತ್ತಿದ್ದರು. ಕೋರ್ಟಿನಲ್ಲಿ ಕೇಸುಗಳು ವರ್ಷಗಟ್ಟಲೆ ಎಳೆಯುತ್ತಿದ್ದವು. ಕಣ್ಣು ಕಳೆದುಕೊಂಡವನು ಇನ್ನು ಕಳ್ಳತನ ಮಾಡಲಾರ ಎಂಬ ಲೆಕ್ಕ ಅನೇಕರಿಗೆ ಸರಿಯೆನಿಸಿತು. ಈ ಕೃತ್ಯಕ್ಕೆ ಸಮಾಜದ ಒಪ್ಪಿಗೆ ಇತ್ತು ಎಂದು ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರೇ ಹೇಳಿದರು. ಆದರೆ ಕಣ್ಣು ಹೋದವರು ವಿಚಾರಣಾಧೀನರು. ಯಾರು ಕಳ್ಳ, ಯಾರು ಅಲ್ಲ ಎಂದು ನ್ಯಾಯಾಧೀಶರು ಹೇಳುವ ಮೊದಲೇ ದಬ್ಬಣ ತನ್ನ ಕೆಲಸ ಮುಗಿಸಿತ್ತು.

ಇದೇ ಬಿಹಾರದ ಜೈಲುಗಳ ಬಗ್ಗೆ ಎರಡು ವರ್ಷದ ಹಿಂದಷ್ಟೇ ದೇಶ ಮರುಗಿತ್ತು. 1979ರ ಜನವರಿಯಲ್ಲಿ ಪೊಲೀಸ್ ಆಯೋಗದ ಸದಸ್ಯ ಕೆ.ಎಫ್. ರುಸ್ತಮ್‌ಜಿ, ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದ ಕೈದಿಗಳ ಕುರಿತು ಅದೇ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟ್‌ಗೆ ಹೋದರು. ಹುಸೇನಾರಾ ಖಾತೂನ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಒಂದೊಂದೇ ಸಂಗತಿ ಹೊರಬಿತ್ತು. ಆರೋಪ ಸಾಬೀತಾಗಿದ್ದರೂ ಅನುಭವಿಸಬೇಕಾಗಿರದಷ್ಟು ಕಾಲ ಕೆಲವರು ಆಗಲೇ ಒಳಗೆ ಕಳೆದಿದ್ದರು. ಯಾವ ಆರೋಪವೂ ಇಲ್ಲದ ಹೆಂಗಸರಿದ್ದರು. ಅಪರಾಧಕ್ಕೆ ಬಲಿಯಾದವರು, ಸಾಕ್ಷಿ ಹೇಳಬೇಕಾದವರು ಎಂಬ ಕಾರಣಕ್ಕೆ ‘ರಕ್ಷಣೆ’ಯ ಹೆಸರಿನಲ್ಲಿ ಅವರನ್ನು ಜೈಲಿನಲ್ಲಿಟ್ಟಿದ್ದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಸಾವಿರಾರು ಮಂದಿ ಬಿಡುಗಡೆಯಾದರು.

ಆ ಕೈದಿಗಳ ಪರ ದನಿಯೆತ್ತುವುದು ಸುಲಭವಿತ್ತು. ಅವರು ಮರೆತುಹೋದ ಬಡವರು. ಭಾಗಲ್ಪುರದವರಿಗೆ ಊರೇ ರೌಡಿ ಎಂಬ ಹಣೆಪಟ್ಟಿ ಹಚ್ಚಿತ್ತು. ಕಾನೂನಿನ ಮುಂದೆ ಇಬ್ಬರೂ ಒಂದೇ. ಇಬ್ಬರ ಅಪರಾಧವನ್ನೂ ಯಾರೂ ಸಾಬೀತು ಮಾಡಿರಲಿಲ್ಲ.

ಭಾಗಲ್ಪುರದ ಪ್ರಕರಣ ‘ಖತ್ರಿ ವಿರುದ್ಧ ಬಿಹಾರ ಸರ್ಕಾರ’ ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟ್ ತಲುಪಿತು. ಕೈದಿಗಳಿಗೆ ವಕೀಲರನ್ನು ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ, ಅವರು ಕೇಳಲೇ ಇಲ್ಲ ಎಂಬ ಉತ್ತರ ಸಿಕ್ಕಿತು. ಕಣ್ಣು ಕಳೆದುಕೊಂಡ ಕೆಲವರು ದೂರು ನಡೆಸಲು ವಕೀಲರು ಬೇಕೆಂದು ಅಲ್ಲಿನ ನ್ಯಾಯಾಲಯಕ್ಕೆ ಬರೆದಿದ್ದೂ ಉಂಟು. ಹಾಗೆ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಅಲ್ಲಿಂದ ಜವಾಬು ಬಂದಿತ್ತು. ಬಡ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ನಿಲ್ಲಿಸಿದ ದಿನದಿಂದಲೇ ಉಚಿತ ಕಾನೂನು ನೆರವು ಸಿಗಬೇಕು, ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪ ನಡೆಯದು ಎಂದು 1981ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಸರ್ಕಾರವೇ ಕಸಿದ ಕಣ್ಣಿಗೆ ಸರ್ಕಾರ ಪರಿಹಾರ ಕೊಡಬೇಕೇ ಎಂಬ ಪ್ರಶ್ನೆಯನ್ನೂ ಎತ್ತಿತು; ಇತ್ಯರ್ಥ ಮಾಡಲಿಲ್ಲ.

ಅದಕ್ಕೆ ಉತ್ತರ ದೊರೆತದ್ದು ರುದುಲ್ ಸಾಹ್ ಪ್ರಕರಣದಲ್ಲಿ. ಮುಜಫ್ಫರ್‌ಪುರದ ಸೆಷನ್ಸ್ ನ್ಯಾಯಾಲಯ 1968ರ ಜೂನ್‌ನಲ್ಲೇ ಆತನನ್ನು ಖುಲಾಸೆ ಮಾಡಿತ್ತು. ಜೈಲಿನ ಬಾಗಿಲು ತೆರೆದದ್ದು 1982ರ ಅಕ್ಟೋಬರ್‌ನಲ್ಲಿ. ಆತನಿಗೆ ಬುದ್ಧಿಭ್ರಮಣೆಯಾಗಿತ್ತು ಎಂದು ಸರ್ಕಾರ ಸಬೂಬು ಹೇಳಿತು. ಅದಕ್ಕೆ ತಕ್ಕ ವೈದ್ಯಕೀಯ ದಾಖಲೆ ಒದಗಿಸಲಿಲ್ಲ. ಆತನಿಗೆ ಆಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ ಇನ್ನೂ 30,000 ಕೊಡುವಂತೆ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ 1983ರಲ್ಲಿ ಆದೇಶಿಸಿತು. ಮೂಲಭೂತ ಹಕ್ಕು ಮುರಿದ ಸರ್ಕಾರದಿಂದ ಹಣ ಕೊಡಿಸುವ ದಾರಿ ಹಾಗೆ ತೆರೆಯಿತು, ಹದಿನಾಲ್ಕು ವರ್ಷಕ್ಕೆ 35,000 ರೂಪಾಯಿಯ ದರದಲ್ಲಿ.

ಕೋರ್ಟು ಬದಲಾದಷ್ಟು ಬೇಗ ಬೀದಿ ಬದಲಾಗಲಿಲ್ಲ. 2019ರ ಡಿಸೆಂಬರ್ 6ರಂದು, ಹೈದರಾಬಾದ್ ಬಳಿ ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ವಶದಲ್ಲಿದ್ದಾಗಲೇ ಗುಂಡಿಗೆ ಬಲಿಯಾದರು. ಜನ ಪೊಲೀಸರ ಮೇಲೆ ಹೂ ಸುರಿದರು. ಆಗಿನ ಪೊಲೀಸ್ ಆಯುಕ್ತರ ಊರಾದ ಹುಬ್ಬಳ್ಳಿಯಲ್ಲೂ ಸಂಭ್ರಮ ನಡೆಯಿತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್‌ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು: ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು, ಹತ್ತು ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕು.