ಎರಡನೆಯ ಸ್ಥಾನದಲ್ಲಿ ನಿಂತವರು

ಇವತ್ತು ಒಂದು ಫೋಟೋದ ಹಿಂದಿರುವ ಇತಿಹಾಸ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಅದನ್ನು ನೋಡಿಯೇ ಇರುತ್ತೀರಿ. ಒಲಿಂಪಿಕ್ಸ್ ಪದಕ ವೇದಿಕೆಯ ಮೇಲೆ ಮೂವರು ಓಟಗಾರರು. ಇಬ್ಬರು ಕಪ್ಪು ವರ್ಣೀಯರು ತಲೆ ತಗ್ಗಿಸಿ, ಕಪ್ಪು ಗ್ಲೌಸ್ ತೊಟ್ಟ ಮುಷ್ಟಿಯನ್ನು ಮೇಲೆತ್ತಿದ್ದಾರೆ. ಅವರ ಮುಂದೆ ಒಬ್ಬ ಬಿಳಿಯರು ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದಾರೆ. ಆ ಇಬ್ಬರು ಅಮೆರಿಕದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್. ಮೂರನೆಯವರು ನಮ್ಮ ಮೆಲ್ಬರ್ನಿನ ಪೀಟರ್ ನಾರ್ಮನ್.

ಅದು 1968, ಅಮೆರಿಕ ಕುದಿಯುತ್ತಿದ್ದ ವರ್ಷ. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿತ್ತು. ಅದಕ್ಕೂ ಮೊದಲೇ, 1967ರಲ್ಲಿ, ಸಮಾಜಶಾಸ್ತ್ರಜ್ಞ ಹ್ಯಾರಿ ಎಡ್ವರ್ಡ್ಸ್ 'ಮಾನವ ಹಕ್ಕುಗಳಿಗಾಗಿ ಒಲಿಂಪಿಕ್ ಯೋಜನೆ' ಎಂಬ ಸಂಘಟನೆ ಕಟ್ಟಿದ್ದರು. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಕ್ರೀಡಾಕೂಟದಿಂದ ದೂರವಿಡಬೇಕು, ಮೊಹಮ್ಮದ್ ಅಲಿಯಿಂದ ಕಿತ್ತುಕೊಂಡ ಬಾಕ್ಸಿಂಗ್ ಪಟ್ಟವನ್ನು ಹಿಂದಿರುಗಿಸಬೇಕು, ಕಪ್ಪು ವರ್ಣೀಯ ತರಬೇತುದಾರರನ್ನು ಹೆಚ್ಚಾಗಿ ನೇಮಿಸಬೇಕು ಎಂಬುವು ಅದರ ಬೇಡಿಕೆಗಳು. ಸ್ಮಿತ್ ಮತ್ತು ಕಾರ್ಲೋಸ್ ಇಬ್ಬರೂ ಅದರಲ್ಲಿ ಇದ್ದರು.

ಅಕ್ಟೋಬರ್ 16ರಂದು ಮೆಕ್ಸಿಕೋ ನಗರದಲ್ಲಿ 200 ಮೀಟರ್ ಓಟದ ಫೈನಲ್. ಸ್ಮಿತ್ 19.83 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ನಾರ್ಮನ್ ಕೊನೆಯ ಕೆಲವು ಮೀಟರುಗಳಲ್ಲಿ ಕಾರ್ಲೋಸ್ ಅವರನ್ನು ದಾಟಿ, 20.06 ಸೆಕೆಂಡುಗಳಲ್ಲಿ ಬೆಳ್ಳಿ ಗೆದ್ದರು. ಈ ವೇಗ ಎಂಥದ್ದೆಂದರೆ, 32 ವರ್ಷಗಳ ನಂತರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದೇ ಓಟದ ಚಿನ್ನ 20.09ಕ್ಕೆ ಸಿಕ್ಕಿತು!

ವೇದಿಕೆ ಏರುವ ಮೊದಲು ಸ್ಮಿತ್ ಮತ್ತು ಕಾರ್ಲೋಸ್ ತಾವು ಮಾಡಲಿರುವುದನ್ನು ನಾರ್ಮನ್ ಅವರಿಗೆ ತಿಳಿಸಿದರು. ನಾರ್ಮನ್ ಸಾಲ್ವೇಶನ್ ಆರ್ಮಿಯ ಶ್ರದ್ಧಾವಂತ ಮನೆಯಲ್ಲಿ ಬೆಳೆದವರು. ಅವರು ನಾನೂ ನಿಮ್ಮ ಜೊತೆಗಿದ್ದೇನೆ ಎಂದರು. ಕಾರ್ಲೋಸ್ ತಮ್ಮ ಗ್ಲೌಸನ್ನು ಮರೆತು ಬಂದಿದ್ದರು. ಇರುವ ಒಂದೇ ಜೊತೆಯನ್ನು ಹಂಚಿಕೊಳ್ಳಿ ಎಂಬ ಸಲಹೆ ನಾರ್ಮನ್ ಅವರದ್ದೇ. ಫೋಟೋದಲ್ಲಿ ಸ್ಮಿತ್ ಬಲಗೈ, ಕಾರ್ಲೋಸ್ ಎಡಗೈ ಎತ್ತಿರುವುದು ಅದಕ್ಕಾಗಿಯೇ. ಇಬ್ಬರೂ ಶೂ ಕಳಚಿ ಕಪ್ಪು ಕಾಲುಚೀಲದಲ್ಲಿ ನಿಂತದ್ದು ತಮ್ಮ ಜನರ ಬಡತನವನ್ನು ತೋರಿಸಲು.

ಫೋಟೋವನ್ನು ಇನ್ನೊಮ್ಮೆ ನೋಡಿ. ನಾರ್ಮನ್ ಕೈ ಎತ್ತಿಲ್ಲ ನಿಜ. ಆದರೆ ಅವರ ಎಡ ಎದೆಯ ಮೇಲೊಂದು ದುಂಡನೆಯ ಬ್ಯಾಡ್ಜ್ ಇದೆ. ಅದು ಎಡ್ವರ್ಡ್ಸ್ ಅವರ ಸಂಘಟನೆಯದು. ಅಮೆರಿಕದ ಬಿಳಿಯ ದೋಣಿ ಸ್ಪರ್ಧಿ ಪಾಲ್ ಹಾಫ್‌ಮನ್ ಅವರಿಂದ ಅದನ್ನು ಕೇಳಿ ಪಡೆದು ಧರಿಸಿದ್ದರು.

ಪರಿಣಾಮ ಕೂಡಲೇ ಕಾಣಿಸಿತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಅವರ ಒತ್ತಡಕ್ಕೆ ಸ್ಮಿತ್ ಮತ್ತು ಕಾರ್ಲೋಸ್ ಅವರನ್ನು ತಂಡದಿಂದ ಅಮಾನತು ಮಾಡಿ, ಒಲಿಂಪಿಕ್ ಗ್ರಾಮದಿಂದ ಹೊರಹಾಕಲಾಯಿತು. ಅವರ ಪದಕ ಕಿತ್ತುಕೊಂಡರು ಎಂದು ಕೆಲವರು ಹೇಳುವುದುಂಟು, ಅದು ನಿಜವಲ್ಲ. ಆದರೆ ಊರಿಗೆ ಮರಳಿದ ಮೇಲೆ ಕೊಲೆ ಬೆದರಿಕೆಗಳು ಬಂದವು, ಕೆಲಸ ಸಿಗುವುದು ಕಷ್ಟವಾಯಿತು. ಇದೇ ಬ್ರಂಡೇಜ್ 1936ರ ಬರ್ಲಿನ್ ಕೂಟದಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಮುಖ್ಯಸ್ಥರಾಗಿದ್ದಾಗ ನಾಜಿ ಸೆಲ್ಯೂಟಿಗೆ ಆಕ್ಷೇಪ ಎತ್ತಿರಲಿಲ್ಲ.

ನಾರ್ಮನ್ ಅವರಿಗೂ ಟೀಕೆಗಳು ತಪ್ಪಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅವರು ಆಯ್ಕೆಯಾಗಲಿಲ್ಲ. ಅದು ಶಿಕ್ಷೆಯೇ ಎಂಬ ಚರ್ಚೆ ಇಂದಿಗೂ ಇದೆ, ಒಲಿಂಪಿಕ್ ಸಮಿತಿ ಅದನ್ನು ಒಪ್ಪುವುದಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಅಮೆರಿಕದಿಂದ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ. ಕೇಳಿಸಿಕೊಳ್ಳಲು ಅವರಿರಲಿಲ್ಲ.

ಇದರಲ್ಲಿ ನಮ್ಮದೇನಿದೆ ಎಂದು ನೀವು ಕೇಳಬಹುದು. 1901ರಿಂದ ಈ ದೇಶ 'ಬಿಳಿಯರ ಆಸ್ಟ್ರೇಲಿಯಾ' ನೀತಿಯನ್ನು ಪಾಲಿಸುತ್ತಿತ್ತು. 1966ರಲ್ಲಿ ಅದು ಸಡಿಲವಾಯಿತು, 1973ರಲ್ಲಿ ಕೊನೆಗೊಂಡಿತು. ನಿಮ್ಮ ಅಪ್ಪ ಅಮ್ಮ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುಳಿಪುಡಿ ತುಂಬಿಕೊಂಡು ಬಂದಿಳಿದದ್ದು ಆ ಬಾಗಿಲು ತೆರೆದ ಮೇಲೆ. ಅದನ್ನು ತೆರೆಸಿದವರು ನಾವಲ್ಲ. ಆ ನೀತಿ ತಪ್ಪು ಎಂದವರಲ್ಲಿ ನಾರ್ಮನ್ ಅವರೂ ಒಬ್ಬರು.

"ಊರ ಉಸಾಬರಿ ನಮಗ್ಯಾಕೆ, ಓದಿಕೊಂಡು ಸುಮ್ಮನಿರು" ಎಂದು ನಾವು ಹಿರಿಯರು ನಿಮಗೆ ಹೇಳುತ್ತೇವೆ. ಅದು ಪರದೇಶದಲ್ಲಿ ಬದುಕು ಕಟ್ಟಿಕೊಂಡವರ ಭಯದ ಮಾತು, ತಪ್ಪು ತಿಳಿಯಬೇಡಿ. ಆದರೆ ನಾರ್ಮನ್ ಅವರಿಗೂ ಅದು ಪರರ ಉಸಾಬರಿಯೇ ಆಗಿತ್ತು. ತರಗತಿಯಲ್ಲಿ ಯಾರನ್ನಾದರೂ ಬಣ್ಣಕ್ಕಾಗಿ, ಹೆಸರಿಗಾಗಿ ಗೇಲಿ ಮಾಡಿದರೆ ನೀವು ಭಾಷಣ ಮಾಡಬೇಕಿಲ್ಲ, ಅವರ ಪಕ್ಕ ಹೋಗಿ ಕುಳಿತರೂ ಸಾಕು. ನಮ್ಮ ಮನೆಗಳಲ್ಲೇ "ಹುಡುಗಿ ಸ್ವಲ್ಪ ಕಪ್ಪು" ಎಂಬ ಮಾತು ಬಂದರೆ, ದಯವಿಟ್ಟು ನಮ್ಮನ್ನೂ ತಡೆದು ಕೇಳಿ.

ನಾರ್ಮನ್ ಅವರ 200 ಮೀಟರ್ ದಾಖಲೆ ಆಸ್ಟ್ರೇಲಿಯಾದಲ್ಲಿ 56 ವರ್ಷ ಉಳಿಯಿತು. 2024ರ ಡಿಸೆಂಬರ್‌ನಲ್ಲಿ ಅದನ್ನು 20.04 ಸೆಕೆಂಡುಗಳಲ್ಲಿ ಮುರಿದದ್ದು 16ರ ಹುಡುಗ ಗೌಟ್ ಗೌಟ್. ಅವನ ತಂದೆ ತಾಯಿ ದಕ್ಷಿಣ ಸುಡಾನಿನಿಂದ ಬಂದವರು, ಅವನು ನಿಮ್ಮ ಹಾಗೆ ಇಲ್ಲೇ ಹುಟ್ಟಿದವನು.

ಸ್ಮಿತ್ ಮತ್ತು ಕಾರ್ಲೋಸ್ ಓದಿದ ಸ್ಯಾನ್ ಹೋಸೆ ವಿಶ್ವವಿದ್ಯಾಲಯದಲ್ಲಿ 2005ರಿಂದ ಅವರಿಬ್ಬರ ಪ್ರತಿಮೆಗಳಿವೆ. ಎರಡನೆಯ ಸ್ಥಾನ ಮಾತ್ರ ಖಾಲಿ. ಬಂದವರು ಅಲ್ಲಿ ನಿಲ್ಲಲಿ ಎಂದು ನಾರ್ಮನ್ ಅವರೇ ಬಯಸಿದ್ದರು. ಎಂದಾದರೂ ಆ ಕಡೆ ಹೋದರೆ, ಹತ್ತಿ ನಿಂತು ಬನ್ನಿ.